ಮೆಣಸಿನಕಾಯಿಯ ವಯಸ್ಸು, ಕೃಷ್ಣಮೃಗದ ವಯಸ್ಸು

ಹುಬ್ಬಳ್ಳಿಯಿಂದ ದಕ್ಷಿಣಾಭಿಮುಖವಾಗಿ ಹೊರಟ ರೈಲುಗಾಡಿಯು ಹಾವೇರಿಯನ್ನು ದಾಟಿ ಬ್ಯಾಡಗಿಗೆ ಬರುತ್ತದೆ; ಅಲ್ಲಿಂದ ಮುಂದೆ ರಾಣೆಬೆನ್ನೂರು. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಸ್ವತಂತ್ರ ಜಿಲ್ಲೆಯಾದ ಈ ಸೀಮೆಯಲ್ಲಿ ಎರೆಹೊಲಗಳ ಹತ್ತಿಗೆ ಹೆಸರಿದೆ. ಬ್ಯಾಡಗಿಯ ಪೇಟೆಗೆ ಕೆಂಪು ರಾಶಿಯಾಗಿ ಬಂದು ಬೀಳುವ ಮೆಣಸಿನಕಾಯಿಗೆ ಅದಕ್ಕಿಂತ ಹೆಚ್ಚಿನ ಹೆಸರಿದೆ. ರಾಣೆಬೆನ್ನೂರಿನ ಸುತ್ತಣ ಬಯಲಿನಲ್ಲಿ ಹಿಂಡುಗಟ್ಟಿ ಮೇಯುವ ಕೃಷ್ಣಮೃಗವನ್ನು ನೋಡಲು ದೂರದಿಂದ ಜನ ಬರುತ್ತಾರೆ. ಇವುಗಳಲ್ಲಿ ಈ ನೆಲಕ್ಕೆ ಹಳಬರು ಯಾರು, ಹೊಸಬರು ಯಾರು?

ಮೆಣಸಿನಕಾಯಿಯ ಮಟ್ಟಿಗೆ ಉತ್ತರ ಸುಲಭವಾಗಿದೆ. ಅದು ಅಮೆರಿಕ ಖಂಡದ ಗಿಡ. ಕೊಲಂಬಸನು 1492ರಲ್ಲಿ ಆ ಕಡೆಯ ದ್ವೀಪಗಳನ್ನು ಮುಟ್ಟುವವರೆಗೆ ನಮ್ಮವರಿಗೆ ಕರಿಮೆಣಸು, ಹಿಪ್ಪಲಿ, ಶುಂಠಿಗಳ ಖಾರ ಮಾತ್ರ ತಿಳಿದಿತ್ತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳೊಡನೆ ಮೆಣಸಿನಕಾಯಿ ನಮ್ಮ ಪಶ್ಚಿಮ ಕರಾವಳಿಗೆ ಬಂದು, ಕ್ರಮೇಣ ಘಟ್ಟವನ್ನೇರಿ ಒಳನಾಡನ್ನು ಸೇರಿತು. ಆದರೆ ಕೃಷ್ಣಮೃಗ ಯಾವ ಹಡಗಿನಲ್ಲಿ ಬಂದುದಲ್ಲ. ಕೃಷ್ಣಾಜಿನದ ಮಾತು ನಮ್ಮ ಪ್ರಾಚೀನ ಗ್ರಂಥಗಳಲ್ಲಿ ಬರುತ್ತದೆ, ನಿಜ. ಆದರೆ ಗ್ರಂಥಗಳೇ ಇಲ್ಲದಿದ್ದ ಕಾಲದಲ್ಲಿ ಅದರ ಪೂರ್ವಜರು ಎಲ್ಲಿದ್ದರು, ಎಂದು ಇಲ್ಲಿಗೆ ಬಂದರು ಎಂಬುದನ್ನು ಬರೆದಿಟ್ಟವರು ಯಾರು?

ಬರೆದಿಟ್ಟವರಿಲ್ಲದಿದ್ದರೂ ಬರವಣಿಗೆ ಇದೆ. ಅದು ಆ ಪ್ರಾಣಿಯ ಒಂದೊಂದು ಜೀವಕೋಶದಲ್ಲಿಯೂ ಇದೆ. ಡಿ.ಎನ್.ಎ. ಎಂಬ ನೀಳವಾದ ಅಣುವಿನಲ್ಲಿ ನಾಲ್ಕು ಬಗೆಯ ಘಟಕಗಳು ಒಂದರ ಮುಂದೊಂದು ಪೋಣಿಸಿರುತ್ತವೆ. ಅವುಗಳನ್ನು ನಾಲ್ಕು ಅಕ್ಷರಗಳೆಂದೇ ಭಾವಿಸಿದರೆ, ಒಂದು ಜೀವಿಯ ದೇಹರಚನೆಗೆ ಬೇಕಾದ ಸೂಚನೆಗಳೆಲ್ಲವೂ ಕೋಟ್ಯಂತರ ಅಕ್ಷರಗಳ ಒಂದು ಗ್ರಂಥದಂತೆ ಇರುತ್ತವೆ. ತಂದೆತಾಯಿಗಳಿಂದ ಮಕ್ಕಳಿಗೆ ಈ ಗ್ರಂಥದ ಪ್ರತಿಗಳು ಬರುತ್ತವೆ. ಪ್ರತಿಮಾಡುವಾಗ ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತದೆ. ಇದನ್ನೇ ಉತ್ಪರಿವರ್ತನೆ ಎನ್ನುವುದು.

ಹಳಗನ್ನಡ ಕಾವ್ಯಗಳನ್ನು ಸಂಪಾದಿಸಿದ ವಿದ್ವಾಂಸರು ಮಾಡಿದ ಕೆಲಸವನ್ನು ಇಲ್ಲಿ ನೆನೆಯುವುದು ಉಚಿತ. ಒಂದೇ ಕಾವ್ಯದ ಹಲವು ಓಲೆಗರಿಯ ಪ್ರತಿಗಳನ್ನು ಅವರು ಎದುರಿಗಿಟ್ಟುಕೊಂಡು ಪಾಠಾಂತರಗಳನ್ನು ಗುರುತಿಸುತ್ತಿದ್ದರು. ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಕಂಡರೆ ಅವೆರಡೂ ಒಂದೇ ಮೂಲದಿಂದ ಇಳಿದು ಬಂದವೆಂದು ತರ್ಕಿಸುತ್ತಿದ್ದರು. ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. ಲಿಪಿಕಾರರೆಲ್ಲರೂ ಒಂದೇ ಪ್ರಮಾಣದಲ್ಲಿ ತಪ್ಪು ಮಾಡುವವರು ಎಂದು ಇಟ್ಟುಕೊಂಡರೆ, ಎರಡು ಪ್ರತಿಗಳ ನಡುವಣ ಪಾಠಾಂತರಗಳನ್ನು ಎಣಿಸಿದ ಮಾತ್ರಕ್ಕೆ ಅವು ಎಷ್ಟು ಕಾಲದ ಹಿಂದೆ ಬೇರೆಯಾದವೆಂದು ಹೇಳಬಹುದಲ್ಲವೇ?

ಈ ಲೆಕ್ಕವನ್ನು ಮೊದಲು ಮಾಡಿದವರು ಎಮಿಲ್ ಜುಕರ್‌ಕಾಂಡ್ಲ್ ಮತ್ತು ಲೈನಸ್ ಪಾಲಿಂಗ್. ಅವರ ಲೇಖನ 1962ರಲ್ಲಿ ಪ್ರಕಟವಾಯಿತು. ಆಗ ಡಿ.ಎನ್.ಎ.ಯ ಅಕ್ಷರಗಳನ್ನು ನೇರವಾಗಿ ಓದುವ ವಿದ್ಯೆ ಇರಲಿಲ್ಲ. ಅದರ ಸೂಚನೆಯಂತೆ ತಯಾರಾಗುವ ಪ್ರೋಟೀನುಗಳ ಜೋಡಣೆಯನ್ನು ಓದುವುದು ಮಾತ್ರ ಸಾಧ್ಯವಾಗಿತ್ತು. ಅವರು ಆರಿಸಿಕೊಂಡದ್ದು ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹೀಮೋಗ್ಲೋಬಿನ್. ಅದರ ಆಲ್ಫಾ ಸರಪಳಿಯಲ್ಲಿ 141 ಅಮೈನೋ ಆಮ್ಲಗಳಿವೆ. ಮನುಷ್ಯನಿಗೂ ಕುದುರೆಗೂ ಈ ಸರಪಳಿಯಲ್ಲಿ 18 ಸ್ಥಾನಗಳಲ್ಲಿ ವ್ಯತ್ಯಾಸವಿದೆ. ಇಬ್ಬರ ಪೂರ್ವಜರೂ ಬೇರೆಯಾದ ಮೇಲೆ ಎರಡು ಕವಲುಗಳಲ್ಲಿಯೂ ತಪ್ಪುಗಳು ಸೇರುತ್ತ ಬಂದಿರಬೇಕು. ಆದ್ದರಿಂದ ಒಂದೊಂದು ಕವಲಿಗೆ 9. ಬೇರೆಯಾದದ್ದು 10ರಿಂದ 16 ಕೋಟಿ ವರ್ಷಗಳ ಹಿಂದೆ ಎಂಬುದು ಆಗಿನ ಪಳೆಯುಳಿಕೆ ಶಾಸ್ತ್ರಜ್ಞರ ಅಂದಾಜು. ನಡುವಣ 13 ಕೋಟಿಯನ್ನು 9ರಿಂದ ಭಾಗಿಸಿರಿ: ಸುಮಾರು 1 ಕೋಟಿ 44 ಲಕ್ಷ ವರ್ಷಗಳಿಗೆ ಒಂದು ಬದಲಾವಣೆ. ಇದೇ ಆ ಗಡಿಯಾರದ ಒಂದು ‘ಟಿಕ್’.

ಇನ್ನು ಈ ಗಡಿಯಾರವನ್ನು ಗೊರಿಲ್ಲಕ್ಕೆ ಹಿಡಿಯೋಣ. ಮನುಷ್ಯನಿಗೂ ಗೊರಿಲ್ಲಕ್ಕೂ ಆಲ್ಫಾ ಸರಪಳಿಯಲ್ಲಿ ಒಂದೇ ಒಂದು ಸ್ಥಾನ ಭಿನ್ನ. ಒಂದು ಕವಲಿಗೆ ಅರ್ಧ ಬದಲಾವಣೆ. ಅಂದರೆ 72 ಲಕ್ಷ ವರ್ಷ. ಲೆಕ್ಕ ಅಂದವಾಗಿದೆ. ಆದರೆ ಜಾಗರೂಕನಾದ ವಿದ್ಯಾರ್ಥಿ ಇಲ್ಲಿ ತಡೆದು ನಿಲ್ಲಬೇಕು. ನಾಣ್ಯವನ್ನು ಒಂದು ಸಲ ಚಿಮ್ಮಿ ಅದರ ಸ್ವಭಾವವನ್ನು ಹೇಳಲಾಗದು. ಒಂದು ವ್ಯತ್ಯಾಸದ ಬದಲು ಆಕಸ್ಮಿಕವಾಗಿ ಎರಡು ಆಗಿದ್ದರೆ ಕಾಲವೂ ಎರಡರಷ್ಟಾಗುತ್ತಿತ್ತು! ಈ ಗಡಿಯಾರ ಗೋಡೆಯ ಗಡಿಯಾರದಂತೆ ಸಮವಾಗಿ ಬಡಿಯುವುದಿಲ್ಲ. ತಗಡಿನ ಮೇಲೆ ಬೀಳುವ ತುಂತುರು ಹನಿಗಳಂತೆ ಸರಾಸರಿಯಲ್ಲಿ ಮಾತ್ರ ಸಮವಾಗಿರುತ್ತದೆ. ನೂರಾರು ಹನಿಗಳನ್ನು ಎಣಿಸಿದರೆ ಮಾತ್ರ ನಂಬಬಹುದು.

ಅದಿರಲಿ, ಸರಾಸರಿಯಲ್ಲಾದರೂ ಅದು ಏಕೆ ಸಮವಾಗಿರಬೇಕು? ಜಪಾನಿನ ಮೋಟೂ ಕಿಮೂರ 1968ರಲ್ಲಿ ಇದಕ್ಕೆ ಕೊಟ್ಟ ವಿವರಣೆ ನನಗೆ ಬಹಳ ಸುಂದರವಾಗಿ ತೋರುತ್ತದೆ. ಪ್ರೌಢಶಾಲೆಯ ಬೀಜಗಣಿತ ಬಲ್ಲವರಿಗೆ ಅದು ಎಟಕುವಂತಹುದೇ. ಬಹುಪಾಲು ಅಕ್ಷರದೋಷಗಳು ಪ್ರಾಣಿಗೆ ಒಳ್ಳೆಯದನ್ನೂ ಮಾಡುವುದಿಲ್ಲ, ಕೆಟ್ಟದ್ದನ್ನೂ ಮಾಡುವುದಿಲ್ಲ ಎಂದುಕೊಳ್ಳಿ. ಒಂದು ಹಿಂಡಿನಲ್ಲಿ N ಪ್ರಾಣಿಗಳಿದ್ದರೆ, ತಾಯಿಯಿಂದ ಒಂದು, ತಂದೆಯಿಂದ ಒಂದು ಎಂಬಂತೆ ಪ್ರತಿಯೊಂದು ಜೀನಿಗೂ 2N ಪ್ರತಿಗಳಿರುತ್ತವೆ. ಒಂದು ಪ್ರತಿಯಲ್ಲಿ ತಲೆಮಾರಿಗೆ ತಪ್ಪು ಉಂಟಾಗುವ ಸಂಭವ u ಆದರೆ, ಇಡೀ ಹಿಂಡಿನಲ್ಲಿ ಉಂಟಾಗುವ ಹೊಸ ತಪ್ಪುಗಳು 2Nu. ಅವುಗಳಲ್ಲಿ ಹೆಚ್ಚಿನವು ಒಂದೆರಡು ತಲೆಮಾರಿನಲ್ಲಿ ಅಳಿಯುತ್ತವೆ. ಒಂದು ತಪ್ಪು ಅದೃಷ್ಟವಶದಿಂದ ಹಿಂಡಿಗೆಲ್ಲ ಹರಡಿ ನೆಲೆನಿಲ್ಲುವ ಸಂಭವ 2Nರಲ್ಲಿ ಒಂದು ಮಾತ್ರ. ಎರಡನ್ನೂ ಗುಣಿಸಿದರೆ N ಬಿದ್ದುಹೋಗಿ u ಒಂದೇ ಉಳಿಯುತ್ತದೆ. ಹಿಂಡು ದೊಡ್ಡದಿರಲಿ, ಚಿಕ್ಕದಿರಲಿ, ಗಡಿಯಾರದ ವೇಗ ಒಂದೇ!

ಆದರೆ ಎಲ್ಲ ಜೀನುಗಳಿಗೂ ಒಂದೇ ವೇಗವೆಂದು ತಿಳಿಯಬಾರದು. ಯಾವ ಅಕ್ಷರ ತಪ್ಪಿದರೂ ಕೆಲಸ ಕೆಡುವಂತಹ ಜೀನು ತಪ್ಪುಗಳನ್ನು ಸಹಿಸದು. ಡಿ.ಎನ್.ಎ. ಸುತ್ತಿಕೊಂಡಿರುವ ಹಿಸ್ಟೋನ್ ಎಂಬ ಪ್ರೋಟೀನುಗಳಲ್ಲಿ ಒಂದಕ್ಕೆ 102 ಸ್ಥಾನಗಳಿವೆ. ಹಸುವಿಗೂ ಬಟಾಣಿಗಿಡಕ್ಕೂ ಅದರಲ್ಲಿ ಇರುವ ವ್ಯತ್ಯಾಸ 2 ಮಾತ್ರ. ಆದ್ದರಿಂದ ಹಳೆಯ ಕವಲುಗಳಿಗೆ ನಿಧಾನವಾದ ಗಡಿಯಾರ, ಹೊಸ ಕವಲುಗಳಿಗೆ ತ್ವರಿತವಾದ ಗಡಿಯಾರ ಎಂದು ಆರಿಸಿಕೊಳ್ಳಬೇಕಾಗುತ್ತದೆ.

ಇಷ್ಟಾದರೂ ಒಂದು ಮೂಲಭೂತ ತೊಡಕು ಉಳಿಯಿತು. ಗಡಿಯಾರ ಸರಿಯಾಗಿ ಓಡುತ್ತಿದ್ದರೆ ಸಾಲದು. ಅದನ್ನು ಒಮ್ಮೆ ಯಾರಾದರೂ ಹೊಂದಿಸಿರಬೇಕು. ಕುದುರೆಯ ಲೆಕ್ಕದಲ್ಲಿ 13 ಕೋಟಿ ಎಂಬ ಸಂಖ್ಯೆಯನ್ನು ನಾವು ಪಳೆಯುಳಿಕೆಗಳಿಂದ ಎರವಲು ತಂದೆವು. ಈಗಿನ ತಿಳಿವಿನಂತೆ ಅದು 10 ಕೋಟಿಗೂ ಕಡಿಮೆ; ಆ ಒಂದು ಸಂಖ್ಯೆ ಬದಲಾದರೆ ಅದರ ಮೇಲೆ ಕಟ್ಟಿದ ಎಲ್ಲ ಸಂಖ್ಯೆಗಳೂ ಬದಲಾಗುತ್ತವೆ.

ಹಾಗೆಂದು ಪಳೆಯುಳಿಕೆಯೇ ಯಾವಾಗಲೂ ಗುರು, ಗಡಿಯಾರವೇ ಯಾವಾಗಲೂ ಶಿಷ್ಯ ಎಂದೇನೂ ಅಲ್ಲ. ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಗಳಲ್ಲಿ 1932ರಲ್ಲಿ ದೊರೆತ ಒಂದು ದವಡೆಗೆ ರಾಮಪಿಥೆಕಸ್ ಎಂದು ಹೆಸರಿಟ್ಟಿದ್ದರು. ಸುಮಾರು 1 ಕೋಟಿ 40 ಲಕ್ಷ ವರ್ಷಗಳಷ್ಟು ಹಳೆಯದಾದ ಆ ಪ್ರಾಣಿಯೇ ಮಾನವನ ಮೊದಲ ಪೂರ್ವಜನೆಂದು 1960ರ ದಶಕದಲ್ಲಿ ಎಣಿಸಲಾಗಿತ್ತು. 1967ರಲ್ಲಿ ವಿನ್ಸೆಂಟ್ ಸಾರಿಚ್ ಮತ್ತು ಆಲನ್ ವಿಲ್ಸನ್ ಎಂಬವರು ರಕ್ತದ ಪ್ರೋಟೀನುಗಳ ಗಡಿಯಾರವನ್ನು ಓದಿ, ಮನುಷ್ಯನೂ ಆಫ್ರಿಕದ ವಾನರಗಳೂ ಬೇರೆಯಾದದ್ದು ಬರಿಯ 50 ಲಕ್ಷ ವರ್ಷಗಳ ಹಿಂದೆ ಎಂದಾಗ ದೊಡ್ಡ ವಿವಾದವೇ ಎದ್ದಿತು. 1982ರಲ್ಲಿ ಅದರ ಬಂಧುವಾದ ಶಿವಪಿಥೆಕಸ್‌ನ ಮುಖದ ಎಲುಬುಗಳ ವಿವರ ಪ್ರಕಟವಾದ ಮೇಲೆ, ಅವು ಒರಾಂಗುಟಾನಿನ ಕಡೆಯವು ಎಂದು ತಿಳಿದುಬಂದಿತು. ಸೋತದ್ದು ದವಡೆ.

ಬ್ಯಾಡಗಿಯ ಮೆಣಸಿನಕಾಯಿಯ ಕುಲದ ಕಥೆ ಇದಕ್ಕೆ ತದ್ವಿರುದ್ಧವಾಗಿದೆ. ಮೆಣಸಿನಗಿಡ, ಟೊಮ್ಯಾಟೊ, ಬದನೆ, ಆಲೂಗಡ್ಡೆ ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು. 2014ರಲ್ಲಿ ಎರಡು ತಂಡಗಳು ಮೆಣಸಿನಗಿಡದ ಇಡೀ ಡಿ.ಎನ್.ಎ. ಗ್ರಂಥವನ್ನು ಓದಿ ಪ್ರಕಟಿಸಿದವು. ಮೆಣಸಿನಗಿಡವೂ ಟೊಮ್ಯಾಟೊವೂ ಬೇರೆಯಾದದ್ದು ಎಂದು? ಒಂದು ತಂಡ ಸುಮಾರು 1 ಕೋಟಿ 90 ಲಕ್ಷ ವರ್ಷ ಎಂದಿತು; ಇನ್ನೊಂದು ಸುಮಾರು 3 ಕೋಟಿ 60 ಲಕ್ಷ ವರ್ಷ ಎಂದಿತು. ಒಂದೇ ವರ್ಷ, ಒಂದೇ ಗಿಡ. ಉತ್ತರ ಮಾತ್ರ ಸರಿಸುಮಾರು ಇಮ್ಮಡಿ. ಅಕ್ಷರಗಳನ್ನು ಓದುವುದರಲ್ಲಿ ಯಾರೂ ಎಡವಿರಲಿಲ್ಲ. ಗಡಿಯಾರವನ್ನು ಹೊಂದಿಸುವುದರಲ್ಲಿ ವ್ಯತ್ಯಾಸವಾಗಿತ್ತು. ಏಕೆಂದರೆ ಮೆತ್ತಗಿನ ಹಣ್ಣು ಬಿಡುವ ಈ ಕುಟುಂಬದ ಪಳೆಯುಳಿಕೆಗಳು ಬಹು ವಿರಳ.

ಹೊಲದ ಬದುಗಳಲ್ಲಿ ಕಾಗದದ ಚೀಲದಂತಹ ತೆಳು ಹೊದಿಕೆಯೊಳಗೆ ಗೋಲಿಯಷ್ಟು ಹಣ್ಣು ಬಿಡುವ ಗಿಡವೊಂದನ್ನು ವಾಚಕರು ನೋಡಿರಬಹುದು. ಅದೂ ಇದೇ ಕುಟುಂಬದ್ದು. ಅದರ ಪಂಗಡಕ್ಕೆ 90 ಲಕ್ಷದಿಂದ 1 ಕೋಟಿ 10 ಲಕ್ಷ ವರ್ಷ ವಯಸ್ಸೆಂದು ಅಣುಗಡಿಯಾರ ಹೇಳಿತ್ತು. 2017ರಲ್ಲಿ ದಕ್ಷಿಣ ಅಮೆರಿಕದ ಪಟಗೋನಿಯಾದಿಂದ, ಆ ಚೀಲದ ನರಗಳು ಕೂಡ ಸ್ಪಷ್ಟವಾಗಿ ಅಚ್ಚೊತ್ತಿದ ಕಲ್ಲುಗಳ ವರದಿ ಬಂದಿತು. ಕಲ್ಲಿನ ವಯಸ್ಸು 5 ಕೋಟಿ 20 ಲಕ್ಷ ವರ್ಷ! 2023ರಲ್ಲಿ ಉತ್ತರ ಅಮೆರಿಕದ ಕೊಲೊರಾಡೊ ಪ್ರಾಂತ್ಯದ ಸುಮಾರು 5 ಕೋಟಿ ವರ್ಷಗಳ ಹಿಂದಿನ ಕಲ್ಲುಗಳಲ್ಲಿ ಮೆಣಸಿನಗಿಡದ ಬಳಗಕ್ಕೇ ಸೇರಿದ ಹಣ್ಣುಗಳನ್ನು ಗುರುತಿಸಿರುವುದಾಗಿ ಪ್ರಕಟವಾಯಿತು. ಈ ಗುರುತು ಸರಿಯಾಗಿದ್ದರೆ, 2014ರ ಎರಡು ಉತ್ತರಗಳೂ ಗಿಡ್ಡವಾದವು. ಈ ಬಾರಿ ಸೋತದ್ದು ಗಡಿಯಾರ.

ಕೋಟಿ ವರ್ಷಗಳ ಮಾತನ್ನು ಬಿಟ್ಟು, ನಮಗೆ ಲಿಖಿತ ದಾಖಲೆಯಿರುವ ಐದುನೂರು ವರ್ಷಗಳಿಗೆ ಬರೋಣ. ಮೆಣಸಿನಕಾಯಿ ಭಾರತಕ್ಕೆ ಬಂದ ಕಾಲವನ್ನು ಅದರ ಜೀನುಗಳಿಂದ ಲೆಕ್ಕ ಹಾಕಲಾದೀತೇ? ಸಾಸಿವೆಯ ಬಳಗದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡವನ್ನು 30 ತಲೆಮಾರು ಬೆಳೆಸಿ ಪರೀಕ್ಷಿಸಿದವರು, ತಲೆಮಾರೊಂದಕ್ಕೆ 100 ಕೋಟಿ ಅಕ್ಷರಗಳಲ್ಲಿ ಸುಮಾರು 7 ತಪ್ಪುಗಳಾಗುತ್ತವೆಂದು 2010ರಲ್ಲಿ ತಿಳಿಸಿದರು. ಮೆಣಸಿನಗಿಡದ ವೇಗವೂ ಇಷ್ಟೇ, ವರ್ಷಕ್ಕೊಂದು ತಲೆಮಾರು ಎಂದು ಇಟ್ಟುಕೊಳ್ಳೋಣ. ಅದರ ಗ್ರಂಥದಲ್ಲಿ 300 ಕೋಟಿಗೂ ಹೆಚ್ಚು ಅಕ್ಷರಗಳಿವೆ. ಹಾಗಾದರೆ ವರ್ಷಕ್ಕೆ 21, ಐದುನೂರು ವರ್ಷಕ್ಕೆ 10,000ಕ್ಕೆ ಸ್ವಲ್ಪ ಮೇಲೆ. ಸಂಖ್ಯೆ ದೊಡ್ಡದೆನಿಸಬಹುದು. ಆದರೆ 1,000 ಅಕ್ಷರಗಳ ಒಂದು ಜೀನನ್ನು ತೆಗೆದುಕೊಂಡು ನೋಡಿದರೆ, ಸುಮಾರು 300 ಜೀನುಗಳನ್ನು ಹುಡುಕಿದಾಗ ಒಂದರಲ್ಲಿ ಒಂದು ತಪ್ಪು ಸಿಕ್ಕೀತು.

ಆದರೆ ಬ್ಯಾಡಗಿಯ ಕಾಯಿಗೂ ಗುಂಟೂರಿನ ಕಾಯಿಗೂ ಇರುವ ಅಂತರ ಎಲ್ಲರಿಗೂ ಗೊತ್ತಿದೆ. ಬ್ಯಾಡಗಿಯದು ಸುಕ್ಕುಗಟ್ಟಿದ ಸಿಪ್ಪೆ, ಗಾಢವಾದ ಕೆಂಪು, ಕಡಿಮೆ ಖಾರ. ಕಡ್ಡಿ, ಡಬ್ಬಿ ಎಂದು ಅದರಲ್ಲಿಯೇ ಎರಡು ಬಗೆ. 2011ರಲ್ಲಿ ಅದಕ್ಕೆ ಭೌಗೋಲಿಕ ಗುರುತಿನ ಮನ್ನಣೆಯೂ ದೊರೆಯಿತು. ಇಂತಹ ಎರಡು ತಳಿಗಳ ನಡುವಣ ಅಕ್ಷರಭೇದಗಳನ್ನೆಲ್ಲ ಎಣಿಸಿ, ಮೇಲಿನ ವೇಗದಿಂದ ಭಾಗಿಸಿ, ಬಂದ ಉತ್ತರವನ್ನು ‘ತಳಿಯ ವಯಸ್ಸು’ ಎಂದು ಕರೆದರೆ ಪೋರ್ಚುಗೀಸರಿಗಿಂತ ಎಷ್ಟೋ ಹಿಂದಿನ ಕಾಲ ಬಂದೀತು. ಇದರ ಕಾರಣವನ್ನು ಅರಿತರೆ ಅಣುಗಡಿಯಾರದ ಮರ್ಮವೇ ತಿಳಿದಂತೆ. ಮೆಕ್ಸಿಕೊ ಕಡೆಯ ಜನ ಮೆಣಸಿನಗಿಡವನ್ನು ಸಾವಿರಾರು ವರ್ಷ ಸಾಕಿ ಬೆಳೆಸಿದ್ದರು. ಕಾಡುಗಿಡಗಳಲ್ಲಿ ಅದಕ್ಕೂ ಹಳೆಯ ಭೇದಗಳಿದ್ದವು. ಹಡಗಿನಲ್ಲಿ ಬಂದ ಬೀಜಗಳು ಈ ಹಳೆಯ ಭೇದಗಳನ್ನು ಹೊತ್ತುಕೊಂಡೇ ಬಂದವು.

ಅವಿಭಕ್ತ ಕುಟುಂಬವೊಂದು ಪಾಲಾಗುವುದನ್ನು ಊಹಿಸಿಕೊಳ್ಳಿ. ಅಣ್ಣನ ಪಾಲಿಗೆ ಅಜ್ಜನ ಕಾಲದ ಹಂಡೆ, ತಮ್ಮನ ಪಾಲಿಗೆ ಮುತ್ತಜ್ಜನ ಕಾಲದ ಕೊಪ್ಪರಿಗೆ. ಪಾತ್ರೆಗಳ ವಯಸ್ಸನ್ನು ನೋಡಿ ಮನೆ ಪಾಲಾದ ದಿನವನ್ನು ಹೇಳಬಹುದೇ? ಪಾತ್ರೆಗಳೆಲ್ಲ ಆ ದಿನಕ್ಕಿಂತ ಹಳೆಯವು ಎಂದಷ್ಟೇ ಹೇಳಬಹುದು. ಅಣುಗಡಿಯಾರ ತೋರಿಸುವುದು ಪಾತ್ರೆಯ ವಯಸ್ಸನ್ನು. ನಾವು ಕೇಳುವುದು ಪಾಲಾದ ದಿನವನ್ನು.

ಹಾವೇರಿಯ ಸೀಮೆಯ ಹತ್ತಿಯಲ್ಲಿ ಈ ಅಂತರ ಒಂದೇ ಗಿಡದೊಳಗೆ ಕಾಣುತ್ತದೆ. ಜಯಧರ್ ಮೊದಲಾದ ಜವಾರಿ ಹತ್ತಿಯಲ್ಲಿ 13 ಜೊತೆ ವರ್ಣತಂತುಗಳಿದ್ದರೆ ಅಮೆರಿಕದ ಹತ್ತಿಯಲ್ಲಿ 26 ಜೊತೆ. ಕಾರಣ, ಜವಾರಿ ಹತ್ತಿಯ ಬಳಗದ ಒಂದು ಗಿಡ ಅಮೆರಿಕದ ಕಾಡುಹತ್ತಿಯೊಡನೆ ಕೂಡಿ, ಎರಡರ ವರ್ಣತಂತುಗಳೂ ಒಂದಾಗಿ ಆ ಜಾತಿ ಹುಟ್ಟಿತು. ಈ ಸಂಗಮ ನಡೆದದ್ದು 10ರಿಂದ 20 ಲಕ್ಷ ವರ್ಷಗಳ ಹಿಂದೆ. ಆದರೆ ಆ ಗಿಡದಲ್ಲಿ ಎರಡು ಕಡೆಯಿಂದ ಬಂದಿರುವ ಒಂದೇ ಜೀನಿನ ಎರಡು ಪ್ರತಿಗಳನ್ನು ಹೋಲಿಸಿದರೆ 50 ಲಕ್ಷದಿಂದ 1 ಕೋಟಿ ವರ್ಷಗಳ ಅಂತರ ತೋರುತ್ತದೆ. ಗಿಡಕ್ಕಿಂತ ಅದರೊಳಗಿನ ಭೇದ ಹಳೆಯದು.

ಈಗ ರಾಣೆಬೆನ್ನೂರಿನ ಬಯಲಿಗೆ ಹೋಗೋಣ. 1974ರಲ್ಲಿ ಇಲ್ಲಿ 119 ಚದರ ಕಿಲೊಮೀಟರಿನ ಅಭಯಾರಣ್ಯ ಸ್ಥಾಪಿತವಾಯಿತು. ಈ ಭಾಗದ ಜನ ಚಿಗರಿ ಎಂದು ಕರೆಯುವ ಕೃಷ್ಣಮೃಗ ದಟ್ಟವಾದ ಕಾಡಿನ ಪ್ರಾಣಿಯಲ್ಲ. ಅದಕ್ಕೆ ಬೇಕಾದದ್ದು ತೆರಪಾದ ಹುಲ್ಲುಗಾವಲು. ಗಂಡಿಗೆ ತಿರುಚಿದ ನೀಳವಾದ ಕೊಂಬು, ಕಪ್ಪು ಬೆನ್ನು, ಬಿಳಿಯ ಹೊಟ್ಟೆ. ಹೆಣ್ಣಿನದು ಕಂದು ಬಣ್ಣ, ಸಾಮಾನ್ಯವಾಗಿ ಕೊಂಬಿಲ್ಲ. ಪ್ರಾಣಿಶಾಸ್ತ್ರಜ್ಞರು ಇದಕ್ಕೆ ಆಂಟಿಲೋಪ್ ಎಂಬ ಪ್ರತ್ಯೇಕ ಕುಲವನ್ನೇ ಕೊಟ್ಟಿದ್ದಾರೆ, ಮತ್ತು ಆ ಕುಲದಲ್ಲಿ ಇಂದು ಜೀವಂತವಾಗಿರುವ ಪ್ರಭೇದ ಇದೊಂದೇ. ಇದರ ಹತ್ತಿರದ ನೆಂಟರು ಗೆಜೆಲ್ ಎಂಬ ಮೃಗಗಳು. ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯ ಚಿಂಕಾರ ಆ ಗುಂಪಿಗೆ ಸೇರಿದ್ದು.

ಈ ಪ್ರತ್ಯೇಕ ಕುಲಕ್ಕೆ ಒಮ್ಮೆ ಸಂಚಕಾರ ಬಂದಿತ್ತು. ಜೀವಕೋಶದಲ್ಲಿ ಶಕ್ತಿಯನ್ನು ಒದಗಿಸುವ ಮೈಟೊಕಾಂಡ್ರಿಯ ಎಂಬ ಸಣ್ಣ ಅಂಗಗಳಿವೆ. ಅವುಗಳಿಗೆ ತಮ್ಮದೇ ಆದ ಪುಟ್ಟ ಡಿ.ಎನ್.ಎ. ಇದ್ದು, ಅದು ತಾಯಿಯಿಂದ ಮಾತ್ರ ಬರುತ್ತದೆ. ಅದರಲ್ಲಿ ಅಕ್ಷರಗಳು ಬೇಗ ಬದಲಾಗುವುದರಿಂದ ವಿಜ್ಞಾನಿಗಳಿಗೆ ಅದು ಪ್ರಿಯವಾದ ಗಡಿಯಾರ. ಸಸ್ತನಿಗಳಲ್ಲಿ 10 ಲಕ್ಷ ವರ್ಷಗಳಿಗೆ ನೂರಕ್ಕೆ 2 ಅಕ್ಷರಗಳ ಅಂತರ ಬೀಳುತ್ತದೆಂಬ ಸೂತ್ರ 1979ರಿಂದ ಬಳಕೆಯಲ್ಲಿದೆ. ಎರಡು ಮೃಗಗಳಲ್ಲಿ ನೂರಕ್ಕೆ 4 ಅಕ್ಷರ ಬೇರೆಯಿದ್ದರೆ 20 ಲಕ್ಷ ವರ್ಷ ಎನ್ನಬಹುದು. ಸ್ಥೂಲವಾದ ಸೂತ್ರ, ಬಹಳ ಹಳೆಯ ಕವಲುಗಳಲ್ಲಿ ಒಂದೇ ಅಕ್ಷರ ಎರಡು ಮೂರು ಸಲ ಬದಲಾಗಿ ಲೆಕ್ಕದಿಂದ ತಪ್ಪಿಸಿಕೊಳ್ಳುತ್ತದೆ. ಈ ಮೈಟೊಕಾಂಡ್ರಿಯದ ಅಕ್ಷರಗಳನ್ನು ಹೋಲಿಸಿದಾಗ, ಕೃಷ್ಣಮೃಗವು ಗೆಜೆಲ್‌ಗಳ ಪಕ್ಕದಲ್ಲಿ ನಿಲ್ಲದೆ ಅವುಗಳ ನಡುವೆಯೇ ಹೋಗಿ ಕುಳಿತಿತು! ಅಂದರೆ ಕೆಲವು ಗೆಜೆಲ್‌ಗಳು ತಮ್ಮ ಬಳಗದವುಗಳಿಗಿಂತ ಕೃಷ್ಣಮೃಗಕ್ಕೇ ಹೆಚ್ಚು ಹತ್ತಿರ ಎಂದಾಯಿತು. ಇದು ನಿಜವಾಗಿದ್ದರೆ ಆಂಟಿಲೋಪ್ ಎಂಬ ಹೆಸರಿಗೆ ಅರ್ಥವೇ ಇರುತ್ತಿರಲಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅನನ್ಯಾ ಜನ ಮತ್ತು ಪ್ರವೀಣ ಕಾರಂತ ಅವರು ಈ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಂಡರು. ಒಂದೇ ಪಾತ್ರೆಯನ್ನು ನಂಬುವ ಬದಲು, ತಂದೆತಾಯಿ ಇಬ್ಬರಿಂದಲೂ ಬರುವ, ಕೋಶಕೇಂದ್ರದ ಬೇರೆ ಬೇರೆ ಜೀನುಗಳನ್ನು ಅವರು ಓದಿದರು. 2019ರಲ್ಲಿ ಪ್ರಕಟವಾದ ಅವರ ಫಲಿತಾಂಶದಂತೆ ಕೃಷ್ಣಮೃಗ ಒಂದು ಕವಲು, ಗೆಜೆಲ್‌ಗಳೆಲ್ಲ ಸೇರಿ ಇನ್ನೊಂದು ಕವಲು. ಎರಡೂ ಸೋದರ ಶಾಖೆಗಳು. ಹೆಸರು ಉಳಿಯಿತು. ಕವಲುಗಳು ಒಂದರ ಹಿಂದೊಂದು ಬೇಗಬೇಗನೆ ಒಡೆದಾಗ ಇಂತಹ ಗೊಂದಲ ಸಹಜವೇ: ಪಾಲಾದ ಮನೆ ಮತ್ತೆ ಬೇಗನೆ ಪಾಲಾದರೆ ಯಾವ ಹಂಡೆ ಯಾರ ಮನೆಗೆ ಹೋಯಿತೆಂಬುದರಿಂದ ನೆಂಟಸ್ತನವನ್ನು ಹೇಳಲಾಗದು. ಹಲವು ಪಾತ್ರೆಗಳು ಒಂದೇ ಮಾತನ್ನು ಹೇಳಿದಾಗ ಮಾತ್ರ ನಂಬಿಕೆ ಹುಟ್ಟುತ್ತದೆ.

ಅವರ ಗಡಿಯಾರದಂತೆ ಕೃಷ್ಣಮೃಗದ ಪೂರ್ವಜರು ಭಾರತವನ್ನು ಪ್ರವೇಶಿಸಿದ್ದು ಸುಮಾರು 20 ಲಕ್ಷ ವರ್ಷಗಳ ಹಿಂದೆ. ಭೂಮಿಯ ಹವೆ ಒಣಗುತ್ತ, ಹುಲ್ಲುಗಾವಲುಗಳು ಹಬ್ಬುತ್ತಿದ್ದ ಕಾಲವದು. ಮೆಣಸಿನಕಾಯಿಗೂ ಇದಕ್ಕೂ ಒಂದಕ್ಕೆ ನಾಲ್ಕು ಸಾವಿರದ ಅಂತರ. ಈ 20 ಲಕ್ಷವನ್ನು ಮೇಲಿನ ಪಾಠವನ್ನು ಮರೆಯದೆ ಓದಬೇಕು: ಹೊಸ ಪಳೆಯುಳಿಕೆಯೊಂದು ದೊರೆತರೆ ಅದು 15 ಆಗಬಹುದು, 30 ಆಗಬಹುದು, 5 ಸಾವಿರವಂತೂ ಆಗಲಾರದು.

ಬಂದ ಮೇಲೆ ಅವು ಹೇಗೆ ಹರಡಿದವು? ಅದೇ ಸಂಸ್ಥೆಯಿಂದ ಆಮೇಲೆ ಬಂದ ಇನ್ನೊಂದು ಅಧ್ಯಯನಕ್ಕೆ ಎಂಟು ರಾಜ್ಯಗಳ ಹನ್ನೆರಡು ಕಡೆಗಳಿಂದ ಕೃಷ್ಣಮೃಗದ ಹಿಕ್ಕೆಗಳನ್ನು ಆಯ್ದು ತಂದಿದ್ದರು. ಪ್ರಾಣಿಯನ್ನು ಹಿಡಿಯಬೇಕಾಗಿಲ್ಲ, ಬೆದರಿಸಬೇಕಾಗಿಲ್ಲ. ಹಿಕ್ಕೆಯೊಡನೆ ಕರುಳಿನ ಒಳಪದರದ ಜೀವಕೋಶಗಳು ಕೆಲವು ಅಂಟಿಕೊಂಡು ಬರುತ್ತವೆ, ಅವುಗಳಲ್ಲಿ ಡಿ.ಎನ್.ಎ. ಇರುತ್ತದೆ. ಉತ್ತರ, ದಕ್ಷಿಣ, ಪೂರ್ವ ಎಂದು ಮೂರು ಗುಂಪುಗಳು ಕಂಡುಬಂದವು. ಮೊದಲು ಒಡೆದದ್ದು ಉತ್ತರ ಮತ್ತು ದಕ್ಷಿಣ. ಪೂರ್ವದ ಗುಂಪು ದಕ್ಷಿಣಕ್ಕೆ ಸಮೀಪದಲ್ಲಿದ್ದರೂ ಉತ್ತರದಿಂದ ಕವಲೊಡೆದದ್ದು. ಇಲ್ಲಿಯೂ ಎರಡು ಬಗೆಯ ಡಿ.ಎನ್.ಎ. ಎರಡು ಬಗೆಯಾಗಿ ಮಾತಾಡಿದವು. ತಾಯಿಯಿಂದ ಬರುವ ಮೈಟೊಕಾಂಡ್ರಿಯದ ಅಕ್ಷರಗಳು ಒಂದೊಂದು ಹುಲ್ಲುಗಾವಲಿಗೂ ಬೇರೆ ಬೇರೆಯಾಗಿದ್ದವು. ಕೋಶಕೇಂದ್ರದ ಅಕ್ಷರಗಳು ಅಷ್ಟು ಬೇರೆಯಾಗಿರಲಿಲ್ಲ. ಹೆಣ್ಣುಗಳು ಹುಟ್ಟಿದ ಬಯಲನ್ನು ಬಿಟ್ಟು ಹೆಚ್ಚು ದೂರ ಹೋಗುವುದಿಲ್ಲವೆಂದೂ, ನಡುವೆ ಊರು, ಹೊಲ, ರಸ್ತೆಗಳು ಎಷ್ಟೇ ಅಡ್ಡವಾದರೂ ಗಂಡುಗಳು ಒಂದು ಬಯಲಿನಿಂದ ಇನ್ನೊಂದಕ್ಕೆ ಹೇಗೋ ದಾಟಿಹೋಗುತ್ತಿವೆಯೆಂದೂ ಇದರಿಂದ ತಿಳಿದುಬಂದಿತು.